ಲೈಂಗಿಕ ಸೋಂಕು ಮತ್ತು ವೀರ್ಯಾಣುಗಳ ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳಾಗುವುದು ತಡವಾದರೆ ಮೊದಲು ಪರೀಕ್ಷೆಗೆ ಹೋಗುವವಳು ಹೆಂಡತಿ. ಗಂಡನ ಸರದಿ ಬಂದಾಗಲೂ ಎಲ್ಲರ ಕಣ್ಣು ಒಂದೇ ಅಂಕಿಯ ಮೇಲೆ: ಕೌಂಟ್, ಅಂದರೆ ವೀರ್ಯಾಣುಗಳ ಸಂಖ್ಯೆ, ಎಷ್ಟಿದೆ? ಸದ್ದಿಲ್ಲದೆ ಒಳಗೆ ಕೂತಿರುವ ಸೋಂಕಿನ ಬಗ್ಗೆ ವಿಚಾರಿಸುವವರು ಕಡಿಮೆ. ವೀರ್ಯ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವ ನನಗೆ ಇದು ಬಹಳ ಬೇಸರ ತರುವ ವಿಷಯ. ಯಾಕೆಂದರೆ ಮುಖ್ಯವಾದ ಸೋಂಕುಗಳು ಒಂದು ಮೂತ್ರ ಪರೀಕ್ಷೆಯಲ್ಲಿ ಸಿಗುತ್ತವೆ, ಮಾತ್ರೆ ಇಲ್ಲವೇ ಇಂಜೆಕ್ಷನ್‌ಗೆ ಹೋಗುತ್ತವೆ. ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಲೈಂಗಿಕ ಸೋಂಕು ಬಂದ ಗಂಡಸಿಗೆ ಮಕ್ಕಳೇ ಆಗಲ್ವಾ?

ಹಾಗೇನಿಲ್ಲ. ಸೋಂಕು ಬಂದು ಹೋದ ಹೆಚ್ಚಿನ ಗಂಡಸರಿಗೆ ಮುಂದೆ ಮಕ್ಕಳಾಗುತ್ತವೆ. ತೊಂದರೆ ಆಗುವುದು ಸೋಂಕು ಗೊತ್ತಾಗದೆ ತಿಂಗಳುಗಟ್ಟಲೆ ಉಳಿದಾಗ, ಅಥವಾ ಮೂತ್ರನಾಳದಿಂದ ಮೇಲಕ್ಕೆ ಹತ್ತಿ ಎಪಿಡಿಡಿಮಿಸ್ ತಲುಪಿದಾಗ. ಎಪಿಡಿಡಿಮಿಸ್ ಅಂದರೆ ವೃಷಣದ ಹಿಂಬದಿಗೆ ಅಂಟಿಕೊಂಡಿರುವ, ಸುರುಳಿ ಸುತ್ತಿದ ಸಣ್ಣ ಕೊಳವೆ. ವೀರ್ಯಾಣು ಈಜುವುದನ್ನು ಕಲಿಯುವ ಜಾಗ ಅದೇ. ಬಿಡಿಸಿ ಎಳೆದರೆ ಹಲವು ಮೀಟರ್ ಉದ್ದವಾಗುವ ಆ ಕೊಳವೆ ನೂಲಿನಷ್ಟು ತೆಳು. ಅಲ್ಲಿ ಉರಿಯೂತವಾಗಿ ಗಾಯದ ಕಲೆ ಉಳಿದರೆ ದಾರಿಯೇ ಮುಚ್ಚಿಹೋಗಬಹುದು.

ನನಗೆ ಉರಿ ಇಲ್ಲ, ಕೀವಿಲ್ಲ, ನೋವಿಲ್ಲ. ಆದ್ರೂ ಸೋಂಕು ಇರಬಹುದಾ?

ಖಂಡಿತ ಇರಬಹುದು. ಗೊನೊರಿಯಾ ಗಂಡಸರಲ್ಲಿ ಸಾಮಾನ್ಯವಾಗಿ ಕೀವು, ಉರಿಮೂತ್ರದಿಂದ ಕೆಲವೇ ದಿನಗಳಲ್ಲಿ ತನ್ನನ್ನು ತೋರಿಸಿಕೊಳ್ಳುತ್ತದೆ. ಕ್ಲಮೈಡಿಯಾ ಹಾಗಲ್ಲ. ಅದು ಬಂದ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಏನೂ ಗೊತ್ತಾಗುವುದಿಲ್ಲ. ಟ್ರೈಕೊಮೊನಾಸ್ ಎಂಬ ಏಕಕೋಶ ಪರಾವಲಂಬಿಯ ಸೋಂಕಂತೂ ಗಂಡಸರಲ್ಲಿ ಬಹುತೇಕ ಮೌನವೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಗುಣಪಡಿಸಬಹುದಾದ ನಾಲ್ಕು ಲೈಂಗಿಕ ಸೋಂಕುಗಳೇ ಸೇರಿ 37.4 ಕೋಟಿ ಹೊಸ ಪ್ರಕರಣಗಳು: ಟ್ರೈಕೊಮೊನಾಸ್ 15.6 ಕೋಟಿ, ಕ್ಲಮೈಡಿಯಾ 12.9 ಕೋಟಿ, ಗೊನೊರಿಯಾ 8.2 ಕೋಟಿ, ಸಿಫಿಲಿಸ್ 71 ಲಕ್ಷ. ದಿನಕ್ಕೆ ಹತ್ತು ಲಕ್ಷ ದಾಟುತ್ತದೆ. ಇಷ್ಟೊಂದು ಹರಡುವುದಕ್ಕೆ ಒಂದು ದೊಡ್ಡ ಕಾರಣವೇ ಈ ಮೌನ.

ಯಾವ ಯಾವ ಸೋಂಕು ವೀರ್ಯಾಣುವಿಗೆ ತೊಂದರೆ ಕೊಡುತ್ತೆ?

ಸಾಕ್ಷ್ಯ ಗಟ್ಟಿಯಾಗಿರುವುದು ಗೊನೊರಿಯಾ ಮತ್ತು ಕ್ಲಮೈಡಿಯಾ ವಿಷಯದಲ್ಲಿ, ಅದರಲ್ಲೂ ಅವು ಎಪಿಡಿಡಿಮಿಸ್ ತಲುಪಿದಾಗ. ಮೈಕೊಪ್ಲಾಸ್ಮಾ ಜೆನಿಟಾಲಿಯಂ ಅನ್ನುವ ಪುಟ್ಟ ಬ್ಯಾಕ್ಟೀರಿಯ ವೀರ್ಯಾಣುವಿಗೆ ನೇರವಾಗಿ ಅಂಟಿಕೊಳ್ಳುವುದನ್ನು ಲ್ಯಾಬ್‌ನಲ್ಲಿ ನೋಡಿದ್ದಾರೆ. ಟ್ರೈಕೊಮೊನಾಸ್ ಜೊತೆ ಇಟ್ಟ ವೀರ್ಯಾಣುಗಳ ಓಟ ಕುಗ್ಗುತ್ತದೆ. ಸಿಫಿಲಿಸ್ ಬೇರೆ ರೀತಿಯಲ್ಲಿ ಅಪಾಯಕಾರಿ, ಹುಟ್ಟುವ ಮಗುವಿಗೂ ತಗಲುತ್ತದೆ, ಆದರೆ ವೀರ್ಯಾಣುವಿಗೆ ನೇರ ಪೆಟ್ಟು ಕೊಡುವುದು ಅಪರೂಪ. ವೈರಸ್‌ಗಳ ವಿಷಯ ಮುಂದೆ ಬರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡವರಾದ ಮೇಲೆ ಬರುವ ಮಂಗನಬಾವು ಕೂಡ ವೃಷಣವನ್ನು ಊದಿಸಿ ವೀರ್ಯಾಣು ಕಡಿಮೆ ಮಾಡಬಹುದು. ಅದು ಲೈಂಗಿಕ ಸೋಂಕಲ್ಲ. ಹಾಗಾಗಿ "ಬೀಜ ಊದಿದೆ" ಅಂದ ತಕ್ಷಣ ಯಾರ ನಡತೆಯನ್ನೂ ಅನುಮಾನಿಸಬೇಡಿ.

ಹಸ್ತಮೈಥುನ ಮಾಡಿ ಮಾಡಿ ವೀರ್ಯ ಹಾಳಾಗಿ ಸೋಂಕು ಬಂದಿದೆಯಾ?

ಇಲ್ಲ. ಹಸ್ತಮೈಥುನದಿಂದ ಲೈಂಗಿಕ ಸೋಂಕು ಬರುವುದಿಲ್ಲ, ವೀರ್ಯ ತೀರಿಹೋಗುವುದೂ ಇಲ್ಲ. ಲ್ಯಾಬ್‌ಗೆ ವೀರ್ಯ ಕೊಡುವುದೇ ಆ ವಿಧಾನದಲ್ಲಿ. ವರ್ಷಗಟ್ಟಲೆ ಈ ಭಯ ಹೊತ್ತು ತಿರುಗುವವರ ಪತ್ರ ಓದುವಾಗ ನಿಜಕ್ಕೂ ನೋವಾಗುತ್ತದೆ. ಆ ಭಾರವನ್ನು ಇವತ್ತೇ ಇಳಿಸಿಬಿಡಿ.

ಒಂದು ಬೀಜ ಊದಿಕೊಂಡು ನೋಯ್ತಿದೆ. ಎರಡು ದಿನ ನೋಡೋಣವಾ?

ಬೇಡ. ಈಗಲೇ ಹೋಗಿ. ನಿಧಾನವಾಗಿ ಒಂದೆರಡು ದಿನದಲ್ಲಿ ಹೆಚ್ಚಾದ ನೋವು ಎಪಿಡಿಡಿಮಿಸ್ ಸೋಂಕಿನದ್ದಿರಬಹುದು. ಸುಮಾರು 35 ವರ್ಷದೊಳಗಿನವರಲ್ಲಿ ಇದಕ್ಕೆ ಮುಖ್ಯ ಕಾರಣ ಕ್ಲಮೈಡಿಯಾ ಮತ್ತು ಗೊನೊರಿಯಾ. ಅದಕ್ಕಿಂತ ದೊಡ್ಡವರಲ್ಲಿ ಮೂತ್ರದ ಸೋಂಕು ತರುವ ಇ. ಕೋಲೈ ಥರದ ಬ್ಯಾಕ್ಟೀರಿಯ. ಆದರೆ ಇದ್ದಕ್ಕಿದ್ದಂತೆ ಜೋರಾಗಿ ಶುರುವಾದ ನೋವು, ವಾಂತಿ ಬಂದ ಹಾಗಾಗುವುದು ಇದ್ದರೆ ವೃಷಣ ತಿರುಚಿಕೊಂಡು ರಕ್ತ ಹೋಗುವುದೇ ನಿಂತಿರಬಹುದು. ಆಗ ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆದರೆ ವೃಷಣ ಉಳಿಯುವ ಸಾಧ್ಯತೆ ಹೆಚ್ಚು. ಎರಡರಲ್ಲಿ ಯಾವುದು ಅಂತ ಮನೆಯಲ್ಲಿ ಕೂತು ಹೇಳಲು ಆಗದು.

## ಒಳಗೆ ಏನಾಗುತ್ತದೆ

ಅಷ್ಟು ಸಣ್ಣ ಬ್ಯಾಕ್ಟೀರಿಯ ವೀರ್ಯಾಣುವನ್ನು ಹೇಗೆ ಹಾಳು ಮಾಡುತ್ತೆ?

ಮೊದಲನೆಯದು ದಾರಿ ಮುಚ್ಚುವುದು. ಮೇಲೆ ಹೇಳಿದ ಎಪಿಡಿಡಿಮಿಸ್‌ನ ಕಲೆ ಎರಡೂ ಬದಿಯಲ್ಲಿ ಆದರೆ ವೃಷಣ ವೀರ್ಯಾಣು ತಯಾರಿಸುತ್ತಲೇ ಇರುತ್ತದೆ, ಹೊರಗೆ ಮಾತ್ರ ಒಂದೂ ಬರುವುದಿಲ್ಲ. ವೀರ್ಯ ನೋಡಲು ಮಾಮೂಲಿನಂತೆಯೇ ಇರುತ್ತದೆ. ಯಾಕೆಂದರೆ ಅದರ ಹೆಚ್ಚಿನ ಭಾಗ ಪ್ರಾಸ್ಟೇಟ್ ಮತ್ತು ವೀರ್ಯಕೋಶಗಳ ದ್ರವ.

ಎರಡನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಇಲ್ಲಿ ಹೊಡೆತ ಕೊಡುವುದು ಸೂಕ್ಷ್ಮಜೀವಿಗಿಂತ ಜಾಸ್ತಿ ನಮ್ಮದೇ ರಕ್ಷಣಾ ಪಡೆ. ಸೋಂಕು ಕಂಡಾಗ ಬಿಳಿ ರಕ್ತಕಣಗಳು ನುಗ್ಗಿ ಬರುತ್ತವೆ. ಬ್ಯಾಕ್ಟೀರಿಯ ಕೊಲ್ಲಲು ಅವು ಆಮ್ಲಜನಕದ ಉಗ್ರ ರೂಪಗಳನ್ನು ಹೊರಬಿಡುತ್ತವೆ. ಪಕ್ಕದಲ್ಲಿ ಈಜುವ ವೀರ್ಯಾಣುವಿಗೂ ಅದು ತಗಲುತ್ತದೆ. ಬೇರೆ ಜೀವಕೋಶಗಳಾದರೆ ಸಹಿಸಿಕೊಳ್ಳುತ್ತಿದ್ದವು. ವೀರ್ಯಾಣುವಿನ ಪೊರೆಯಲ್ಲಿ ಬೇಗ ಆಕ್ಸಿಡೀಕರಣವಾಗುವ ಕೊಬ್ಬು ಜಾಸ್ತಿ, ಮೈಯಲ್ಲಿ ರಿಪೇರಿ ಸಾಮಗ್ರಿ ಕಡಿಮೆ. ಹಗುರಾಗಿ ಓಡಲಿ ಅಂತ ಅದು ತನ್ನ ಒಳದ್ರವವನ್ನೆಲ್ಲ ಹೆಚ್ಚುಕಮ್ಮಿ ಬಿಟ್ಟುಕೊಟ್ಟಿರುತ್ತದೆ. ಪೊರೆ ಗಟ್ಟಿಯಾಗುತ್ತದೆ, ಓಟ ನಿಲ್ಲುತ್ತದೆ, ತಲೆಯೊಳಗಿನ ಡಿಎನ್‌ಎ ಎಳೆಗಳು ತುಂಡಾಗುತ್ತವೆ. ಜಾನ್ ಮೆಕ್ಲಿಯಾಡ್ ಎಂಬ ಸಂಶೋಧಕ 1943ರಷ್ಟು ಹಿಂದೆಯೇ ಇದರ ಸುಳಿವು ಕೊಟ್ಟಿದ್ದರು: ಆಮ್ಲಜನಕ ತುಂಬಿದ ದ್ರವದಲ್ಲಿಟ್ಟ ವೀರ್ಯಾಣುಗಳು ಚಲನೆ ಕಳೆದುಕೊಂಡವು, ಕೆಟಲೇಸ್ ಎಂಬ ಕಿಣ್ವ ಸೇರಿಸಿದಾಗ ಉಳಿದವು.

ಮೂರನೆಯದು ನೇರ ಸಂಪರ್ಕ. ಕ್ಲಮೈಡಿಯಾದ ಹೊರಕವಚದ ಒಂದು ಅಂಶ ವೀರ್ಯಾಣುಗಳನ್ನು ಕೊಲ್ಲಬಲ್ಲದು ಎಂದು ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ತಂಡ ಗಾಜಿನ ಕೊಳವೆಯಲ್ಲಿ ತೋರಿಸಿತು.

ನಾಲ್ಕನೆಯದು ಆಂಟಿಬಾಡಿ, ಅಂದರೆ ಪರಕೀಯ ವಸ್ತುವಿಗೆ ಅಂಟಿಕೊಳ್ಳಲು ದೇಹ ತಯಾರಿಸುವ ಪ್ರೋಟೀನ್. ವೀರ್ಯಾಣು ಹುಟ್ಟುವುದು ಹರೆಯ ಬಂದ ಮೇಲೆ. ಅಷ್ಟು ಹೊತ್ತಿಗೆ ದೇಹ "ಇವರು ನಮ್ಮವರು" ಅಂತ ಗುರುತು ಮಾಡಿಕೊಂಡು ಮುಗಿದಿರುತ್ತದೆ. ಅದಕ್ಕೇ ವೃಷಣದೊಳಗೆ ರಕ್ತಕ್ಕೂ ವೀರ್ಯಾಣುವಿಗೂ ನಡುವೆ ಒಂದು ಗೋಡೆ ಇದೆ. ಉರಿಯೂತದಲ್ಲಿ ಆ ಗೋಡೆ ಒಡೆದರೆ ದೇಹ ತನ್ನದೇ ವೀರ್ಯಾಣುವನ್ನು ಪರಕೀಯ ಅಂದುಕೊಳ್ಳುತ್ತದೆ. ಮೈಕ್ರೋಸ್ಕೋಪಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. 400 ಪಟ್ಟು ದೊಡ್ಡದು ಮಾಡಿ ನೋಡಿದಾಗ ಹತ್ತು ಹನ್ನೆರಡು ವೀರ್ಯಾಣುಗಳು ತಲೆಗೆ ತಲೆ ಅಂಟಿಸಿಕೊಂಡು, ಬಾಲ ಮಾತ್ರ ಜೋರಾಗಿ ಬಡಿಯುತ್ತಾ, ನಿಂತಲ್ಲೇ ಗಿರಗಿರ ತಿರುಗುತ್ತಿರುತ್ತವೆ. ಎಲ್ಲವೂ ಜೀವಂತ. ಒಂದಕ್ಕೂ ಮುಂದೆ ಹೋಗಲು ಆಗುತ್ತಿರುವುದಿಲ್ಲ.

ಕೌಂಟ್ ಚೆನ್ನಾಗಿದೆ ಅಂದ್ರೆ ಸೋಂಕು ಇಲ್ಲ ಅಂತ ತಾನೆ?

ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಮಿತಿ ಹೀಗಿದೆ: ಮಿಲಿಲೀಟರಿಗೆ 1.6 ಕೋಟಿ, ಒಟ್ಟು 3.9 ಕೋಟಿ, ಚಲನೆ 42%, ಸರಿಯಾದ ಆಕಾರ 4%. ಒಂದು ವರ್ಷದೊಳಗೆ ಸಂಗಾತಿ ಗರ್ಭಿಣಿಯಾದ ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ ಕೊನೆಯ ನೂರಕ್ಕೆ ಐದು ಜನ ಇರುವ ಮಟ್ಟ ಅದು. ಅದರ ಮೇಲಿದ್ದರೆ ಪಾಸ್, ಕೆಳಗಿದ್ದರೆ ಫೇಲ್ ಅಂತ ಅರ್ಥವಲ್ಲ.

ಕ್ಲಮೈಡಿಯಾ ಇದ್ದವರಲ್ಲೂ ಕೌಂಟ್, ಚಲನೆ ಮಾಮೂಲಾಗಿಯೇ ಇತ್ತು ಅನ್ನುವ ಅಧ್ಯಯನಗಳು ಹಲವು ಇವೆ. ಪೆಟ್ಟು ಬಿದ್ದಿರುವುದು ಒಳಗಿನ ಡಿಎನ್‌ಎಗೆ ಇರಬಹುದು. 2008ರಲ್ಲಿ ಮೆಕ್ಸಿಕೊ ಮತ್ತು ಸ್ಪೇನಿನ ಸಂಶೋಧಕರು ಕ್ಲಮೈಡಿಯಾ, ಮೈಕೊಪ್ಲಾಸ್ಮಾ ಎರಡೂ ಇದ್ದ 143 ಗಂಡಸರನ್ನು ಆರೋಗ್ಯವಂತರೊಂದಿಗೆ ಹೋಲಿಸಿದರು. ತುಂಡಾದ ಡಿಎನ್‌ಎ ಇರುವ ವೀರ್ಯಾಣುಗಳ ಪ್ರಮಾಣ ಸುಮಾರು ಮೂರು ಪಟ್ಟು ಇತ್ತು. ಚಿಕಿತ್ಸೆಯ ಬಳಿಕ ಅದು ಇಳಿಯಿತು. ಹಾಗಾಗಿ ಸೋಂಕಿನ ಪರೀಕ್ಷೆಯನ್ನು ಕೌಂಟ್ ನೋಡಿ ಬಿಟ್ಟುಬಿಡಬಾರದು.

## ಪರೀಕ್ಷೆ ಮತ್ತು ರಿಪೋರ್ಟ್

ವೀರ್ಯ ಕೊಟ್ಟಿದ್ದೇನಲ್ಲ, ಅದರಲ್ಲೇ ಸೋಂಕು ಗೊತ್ತಾಗಲ್ವಾ? ಮೂತ್ರ ಬೇರೆ ಯಾಕೆ?

ಮಾಮೂಲಿ ವೀರ್ಯ ಪರೀಕ್ಷೆಯಲ್ಲಿ ಕ್ಲಮೈಡಿಯಾ ಕಾಣುವುದಿಲ್ಲ. ಅದು ಜೀವಕೋಶದ ಒಳಗೆ ಬದುಕುವ ಬ್ಯಾಕ್ಟೀರಿಯ, ಬ್ಯಾಕ್ಟೀರಿಯ ಬೆಳೆಸಿ ನೋಡುವ ಸಾಮಾನ್ಯ ಕಲ್ಚರ್ ಪರೀಕ್ಷೆಯಲ್ಲೂ ಬೆಳೆಯುವುದಿಲ್ಲ. ಅದರ ವಂಶವಾಹಿಯನ್ನು ಹುಡುಕುವ ಪಿಸಿಆರ್ ಥರದ ಪರೀಕ್ಷೆಯೇ ಬೇಕು. ವೀರ್ಯದಲ್ಲಿರುವ ಕೆಲವು ಅಂಶಗಳು ಪಿಸಿಆರ್‌ಗೆ ಅಡ್ಡಿ ಮಾಡುತ್ತವೆ, ಅದಕ್ಕೇ ಮೂತ್ರ.

ಆದರೆ ಯಾವ ಮೂತ್ರ ಅನ್ನುವುದು ಮುಖ್ಯ. ಮೂತ್ರದ ಸೋಂಕಿನ ಕಲ್ಚರ್‌ಗೆ "ಮೊದಲು ಸ್ವಲ್ಪ ಬಿಟ್ಟು ನಡುವಿನದು ಹಿಡಿಯಿರಿ" ಅನ್ನುತ್ತಾರೆ. ಇಲ್ಲಿ ಅದಕ್ಕೆ ತದ್ವಿರುದ್ಧ. ಕನಿಷ್ಠ ಒಂದು ಗಂಟೆ ಮೂತ್ರ ಮಾಡದೆ ಇದ್ದು, ಆಮೇಲೆ ಬರುವ ಮೊಟ್ಟಮೊದಲ 20–30 ಮಿಲಿಲೀಟರನ್ನೇ ಹಿಡಿಯಬೇಕು. ಮೂತ್ರನಾಳದ ಗೋಡೆಯಿಂದ ಉದುರಿದ ಜೀವಕೋಶಗಳು ಅದರಲ್ಲೇ ಇರುತ್ತವೆ. ಅಭ್ಯಾಸಬಲದಿಂದ ನಡುವಿನ ಮೂತ್ರ ಕೊಟ್ಟರೆ ಇರುವ ಸೋಂಕು ತಪ್ಪಿಹೋಗಬಹುದು. ಸಂಪರ್ಕವಾದ ಮಾರನೇ ದಿನವೇ ಪರೀಕ್ಷೆ ಮಾಡಿಸಿದರೂ ಅಷ್ಟೇ. ಸುಮಾರು ಎರಡು ವಾರ ಕಳೆದ ಮೇಲೆ ಬಂದ ಫಲಿತಾಂಶವನ್ನು ನಂಬಬಹುದು.

ನನ್ನ ಗಂಡನ ರಿಪೋರ್ಟ್‌ನಲ್ಲಿ ಪಸ್ ಸೆಲ್ಸ್ 8–10 ಅಂತ ಬರೆದಿದ್ದಾರೆ. ಸೋಂಕು ಅಂತ ಗ್ಯಾರಂಟಿನಾ?

ಗ್ಯಾರಂಟಿ ಅಲ್ಲ. ಪಸ್ ಸೆಲ್ಸ್ ಅಂದರೆ ಕೀವಿನ ಕೋಶ, ಅಂದರೆ ಬಿಳಿ ರಕ್ತಕಣ. ವೀರ್ಯದಲ್ಲಿ ಬಾಲವಿಲ್ಲದ ದುಂಡನೆಯ ಕೋಶಗಳು ಕಾಣುತ್ತವೆ. ಅವುಗಳಲ್ಲಿ ಕೆಲವು ಬಿಳಿ ರಕ್ತಕಣ, ಇನ್ನು ಕೆಲವು ಪೂರ್ತಿ ಬೆಳೆಯದೆ ಉದುರಿದ ವೀರ್ಯಾಣು ಕೋಶ. ಬಣ್ಣ ಹಾಕದೆ ನೋಡಿದರೆ ಎರಡೂ ಒಂದೇ ಥರ. ಸುಮ್ನೆ ದುಂಡಗಿರುವುದನ್ನೆಲ್ಲ ಎಣಿಸಿ ಪಸ್ ಸೆಲ್ಸ್ ಅಂತ ಬರೆದರೆ ಅರ್ಧ ಸತ್ಯ ಮಾತ್ರ ಸಿಗುತ್ತದೆ.

ಬೇರ್ಪಡಿಸಲು ಪೆರಾಕ್ಸಿಡೇಸ್ ಪರೀಕ್ಷೆ ಇದೆ. ದ್ರಾವಣ ಬೆರೆಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಬಿಳಿ ರಕ್ತಕಣಗಳು ಕಂದು ಬಣ್ಣಕ್ಕೆ ತಿರುಗಿರುತ್ತವೆ, ಬೆಳೆಯದ ಕೋಶಗಳು ಬಣ್ಣ ಹಿಡಿಯದೆ ಹಾಗೇ ಇರುತ್ತವೆ. ಮಿಲಿಲೀಟರಿಗೆ 10 ಲಕ್ಷಕ್ಕಿಂತ ಜಾಸ್ತಿ ಕಂದು ಕೋಶ ಇದ್ದರೆ ಮುಂದೆ ಹುಡುಕಬೇಕು. ಹಾಗಿದ್ದರೂ ಎಷ್ಟೋ ಜನರಲ್ಲಿ ಯಾವ ಸೋಂಕೂ ಸಿಗುವುದಿಲ್ಲ. ಈ ಪರೀಕ್ಷೆ ಮಾಡದೆ, ಪಸ್ ಸೆಲ್ಸ್ ಅನ್ನುವ ಎರಡು ಪದದ ಮೇಲೆ ಮೂರು ನಾಲ್ಕು ಕೋರ್ಸ್ ಆಂಟಿಬಯೋಟಿಕ್ ನುಂಗಿದವರನ್ನು ಕಂಡಿದ್ದೇನೆ. ಅದು ತಪ್ಪಬೇಕು.

ವೀರ್ಯದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯ ಬಂದಿದೆ, ಯೂರಿಯಾಪ್ಲಾಸ್ಮಾ ಕೂಡ ಇದೆಯಂತೆ. ಈಗೇನು?

ಗಾಬರಿ ಬೇಡ. ವೀರ್ಯ ಹೊರಬರುವುದು ಮೂತ್ರನಾಳದ ಮೂಲಕ, ಬೀಳುವುದು ಚರ್ಮದ ಪಕ್ಕದಲ್ಲಿ. ದಾರಿಯಲ್ಲಿರುವ ನಿರುಪದ್ರವಿ ಬ್ಯಾಕ್ಟೀರಿಯಾ ಜೊತೆಗೆ ಬಂದುಬಿಡುತ್ತವೆ. ಅದಕ್ಕೇ ಮಾದರಿ ಕೊಡುವ ಮುಂಚೆ ಮೂತ್ರ ಮಾಡಿ, ಕೈ ಮತ್ತು ಶಿಶ್ನ ತೊಳೆದು ಒರೆಸಿಕೊಳ್ಳಬೇಕು. ಯೂರಿಯಾಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯ ಆರೋಗ್ಯವಂತ ಗಂಡಸರಲ್ಲೂ ಹೆಂಗಸರಲ್ಲೂ ಧಾರಾಳವಾಗಿ ಸಿಗುತ್ತದೆ. ಲಕ್ಷಣವಿಲ್ಲದವರಲ್ಲಿ ಅದನ್ನು ವಾಡಿಕೆಯಂತೆ ಹುಡುಕುವುದೂ ಬೇಡ, ಚಿಕಿತ್ಸೆ ಕೊಡುವುದೂ ಬೇಡ ಎಂದು ಯುರೋಪಿನ ಲೈಂಗಿಕ ಸೋಂಕು ಮಾರ್ಗಸೂಚಿ ಮಂಡಳಿ 2018ರಲ್ಲಿ ಹೇಳಿದೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಡಿಎನ್‌ಎ ಫ್ರಾಗ್ಮೆಂಟೇಶನ್ ಟೆಸ್ಟ್ ಎಲ್ಲರೂ ಮಾಡಿಸಬೇಕಾ?

ಎಲ್ಲರಿಗೂ ಬೇಡ. ವೀರ್ಯಾಣುಗಳ ಡಿಎನ್‌ಎ ಎಷ್ಟು ತುಂಡಾಗಿದೆ ಅಂತ ಅಳೆಯುವ ಪರೀಕ್ಷೆ ಇದು. ಮೊದಲ ಸುತ್ತಿನ ತಪಾಸಣೆಯಲ್ಲಿ ಇದು ಬೇಕಿಲ್ಲ ಅನ್ನುವುದು ಅಮೆರಿಕದ ಮೂತ್ರರೋಗ ತಜ್ಞರ ಮತ್ತು ಸಂತಾನ ವೈದ್ಯರ ಸಂಘಗಳ ಜಂಟಿ ಮಾರ್ಗಸೂಚಿಯ ನಿಲುವು. ಪದೇ ಪದೇ ಗರ್ಭಪಾತವಾಗುತ್ತಿರುವ ದಂಪತಿಯಲ್ಲಿ ಇದಕ್ಕೆ ಅರ್ಥವಿದೆ. ಸೋಂಕಿನ ಅನುಮಾನವಿದ್ದರೆ ಮೊದಲು ಮೂತ್ರದ ಪಿಸಿಆರ್.

## ಚಿಕಿತ್ಸೆಯ ಸುತ್ತ

ಮಾತ್ರೆ ಮುಗಿದು ಒಂದು ವಾರ ಆಯ್ತು. ವೀರ್ಯ ಯಾವಾಗ ಸರಿಹೋಗುತ್ತೆ?

ಮೂರು ತಿಂಗಳು ಕಾಯಿರಿ. ವೃಷಣದಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಆಮೇಲೆ ಎಪಿಡಿಡಿಮಿಸ್ ದಾಟಲು ಒಂದೆರಡು ವಾರ. ಇವತ್ತು ಹೊರಬರುವ ವೀರ್ಯಾಣು ಸೋಂಕು ಇದ್ದ ದಿನಗಳಲ್ಲಿ ಹುಟ್ಟಿದ್ದು. ವಾರಕ್ಕೇ ಪರೀಕ್ಷೆ ಮಾಡಿಸಿ ಕುಗ್ಗಿಹೋಗುವುದರಲ್ಲಿ ಅರ್ಥವಿಲ್ಲ. ಸೋಂಕು ಹೋಯಿತೇ ಅಂತ ನೋಡುವ ಪಿಸಿಆರ್‌ಗೂ ಆತುರ ಸಲ್ಲದು. ಸತ್ತ ಬ್ಯಾಕ್ಟೀರಿಯಾದ ಚೂರುಗಳೂ ಮೂರು ನಾಲ್ಕು ವಾರ ಪಾಸಿಟಿವ್ ತೋರಿಸಬಹುದು. ಕ್ಲಮೈಡಿಯಾ ಬಂದಿದ್ದವರು ಮರುಸೋಂಕು ಆಗಿದೆಯೇ ಅಂತ ಮೂರು ತಿಂಗಳ ಹೊತ್ತಿಗೆ ಮತ್ತೆ ನೋಡಿಸಬೇಕು.

ಹೊಸ ವೀರ್ಯಾಣು ಬರುತ್ತದೆ, ಆದರೆ ಕೊಳವೆಯಲ್ಲಿ ಉಳಿದ ಕಲೆ ಮಾತ್ರೆಗೆ ಕರಗುವುದಿಲ್ಲ. ದಾರಿ ಮುಚ್ಚಿದವರಿಗೆ ಸೂಕ್ಷ್ಮ ಶಸ್ತ್ರಚಿಕಿತ್ಸೆ ಇದೆ, ಅಥವಾ ಎಪಿಡಿಡಿಮಿಸ್‌ನಿಂದ ಇಲ್ಲವೇ ವೃಷಣದಿಂದಲೇ ವೀರ್ಯಾಣು ತೆಗೆದು ಅಂಡದೊಳಗೆ ಚುಚ್ಚುವ ಇಕ್ಸಿ ವಿಧಾನವಿದೆ. ಆ ವಿಧಾನದಿಂದ ಮೊದಲ ಮಗು ಹುಟ್ಟಿದ್ದು 1992ರಲ್ಲಿ.

ನನಗೆ ಪಾಸಿಟಿವ್, ಹೆಂಡತಿಗೆ ಏನೂ ತೊಂದರೆ ಇಲ್ಲ. ಅವಳೂ ಮಾತ್ರೆ ತಗೋಬೇಕಾ? ಯಾರಿಂದ ಬಂತು ಅಂತ ಮನೇಲಿ ಜಗಳ ಬೇರೆ.

ಅವರೂ ಪರೀಕ್ಷೆ ಮಾಡಿಸಬೇಕು, ವೈದ್ಯರು ಹೇಳಿದಂತೆ ಚಿಕಿತ್ಸೆ ಪಡೆಯಬೇಕು. ಒಬ್ಬರೇ ಮಾತ್ರೆ ತಗೊಂಡರೆ ಸೋಂಕು ಇಬ್ಬರ ನಡುವೆ ಓಡಾಡುತ್ತಲೇ ಇರುತ್ತದೆ. ಹೆಂಗಸರಲ್ಲಿ ಕ್ಲಮೈಡಿಯಾ ಇನ್ನೂ ಮೌನಿ, ಗರ್ಭನಾಳಕ್ಕೆ ಮಾಡುವ ಹಾನಿ ಇನ್ನೂ ದೊಡ್ಡದು. ಇಬ್ಬರ ಚಿಕಿತ್ಸೆ ಮುಗಿಯುವವರೆಗೆ, ಒಂದೇ ಡೋಸ್ ಆದರೆ ಅದಾದ ಏಳು ದಿನ, ದೈಹಿಕ ಸಂಪರ್ಕ ಬೇಡ.

ಇನ್ನು ಜಗಳದ ವಿಷಯ. ಕ್ಲಮೈಡಿಯಾ ಲಕ್ಷಣವಿಲ್ಲದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿ ಇರಬಲ್ಲದು. ಮದುವೆಗೂ ಮುಂಚಿನದ್ದಿರಬಹುದು. ಯಾರಿಂದ ಯಾರಿಗೆ, ಯಾವಾಗ ಬಂತು ಅಂತ ಯಾವ ಲ್ಯಾಬ್ ರಿಪೋರ್ಟೂ ಹೇಳುವುದಿಲ್ಲ. ರಿಪೋರ್ಟ್ ಹಿಡಿದು ತೀರ್ಪು ಕೊಡಬೇಡಿ, ಇಬ್ಬರೂ ಒಟ್ಟಿಗೆ ಹೋಗಿ.

ಅಂಗಡಿಯಿಂದ ನಾನೇ ಆಂಟಿಬಯೋಟಿಕ್ ತಗೊಂಡು ಮುಗಿಸಿದ್ರೆ ಆಗಲ್ವಾ?

ದಯವಿಟ್ಟು ಬೇಡ. ಗೊನೊರಿಯಾ ಬ್ಯಾಕ್ಟೀರಿಯಾ ಸಲ್ಫಾ, ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಒಂದೊಂದನ್ನೇ ಸೋಲಿಸಿಕೊಂಡು ಬಂದಿದೆ. ಈಗ ಮುಖ್ಯವಾಗಿ ಉಳಿದಿರುವುದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಅದಕ್ಕೂ ಬಗ್ಗದ ತಳಿಗಳು ಕಂಡಿವೆ. ಕ್ಲಮೈಡಿಯಾಗೆ ಒಂದೇ ಡೋಸ್ ಅಜಿಥ್ರೊಮೈಸಿನ್‌ಗಿಂತ ಏಳು ದಿನದ ಡಾಕ್ಸಿಸೈಕ್ಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಮೈಕೊಪ್ಲಾಸ್ಮಾ ಜೆನಿಟಾಲಿಯಂಗೆ ಜೀವಕೋಶದ ಗೋಡೆಯೇ ಇಲ್ಲ, ಹಾಗಾಗಿ ಗೋಡೆ ಒಡೆಯುವ ಪೆನಿಸಿಲಿನ್ ವರ್ಗದ ಔಷಧ ಅದಕ್ಕೆ ತಾಗುವುದೇ ಇಲ್ಲ. ಯಾವ ಸೋಂಕು ಅಂತ ತಿಳಿಯದೆ ನುಂಗಿದರೆ ಲಕ್ಷಣ ಅಡಗುತ್ತದೆ, ಸೋಂಕು ಉಳಿಯುತ್ತದೆ.

ವೀರ್ಯ ಸುಧಾರಿಸಲು ಆಂಟಿಆಕ್ಸಿಡೆಂಟ್ ಮಾತ್ರೆ ಕೊಟ್ಟಿದ್ದಾರೆ. ಉಪಯೋಗ ಇದೆಯಾ?

ಆಮ್ಲಜನಕದ ಉಗ್ರ ರೂಪಗಳನ್ನು ತಣಿಸುತ್ತವೆ ಅನ್ನುವ ತರ್ಕ ಸರಿ, ಫಲ ಕಂಡಿಲ್ಲ. 2020ರಲ್ಲಿ ಅಮೆರಿಕದಲ್ಲಿ ಎರಡು ಒಳ್ಳೆಯ ಪ್ರಯೋಗಗಳ ಫಲಿತಾಂಶ ಬಂತು. ಮಾಕ್ಸಿ ಎಂಬ ಪ್ರಯೋಗದಲ್ಲಿ ಆಂಟಿಆಕ್ಸಿಡೆಂಟ್ ಮಿಶ್ರಣ ವೀರ್ಯಾಣುವಿನ ಗುಣವನ್ನಾಗಲಿ ಡಿಎನ್‌ಎಯನ್ನಾಗಲಿ ಸುಧಾರಿಸಲಿಲ್ಲ. ಇನ್ನೊಂದರಲ್ಲಿ 2,370 ದಂಪತಿಗಳು. ಗಂಡಸರಿಗೆ ಸತು ಮತ್ತು ಫೋಲಿಕ್ ಆಮ್ಲ ಕೊಟ್ಟರೂ ಹೆರಿಗೆಗಳು ಹೆಚ್ಚಲಿಲ್ಲ. ಸೋಂಕು ಇದ್ದಾಗ ಅದನ್ನು ಬಿಟ್ಟು ಈ ಮಾತ್ರೆ ಹಿಡಿಯುವುದು ಸಮಯ ಹಾಳು. ಧೂಮಪಾನ ಬಿಡುವುದು ಇದಕ್ಕಿಂತ ಒಳ್ಳೆಯದು.

## ವೈರಸ್‌ಗಳ ವಿಷಯ

ನನಗೆ ಎಚ್‌ಐವಿ ಇದೆ. ಹೆಂಡತಿಗೆ ತಗಲದ ಹಾಗೆ ಮಗು ಪಡೆಯಬಹುದಾ?

ಪಡೆಯಬಹುದು. ವೈರಸ್ ಮುಖ್ಯವಾಗಿ ಇರುವುದು ವೀರ್ಯದ ದ್ರವದಲ್ಲಿ ಮತ್ತು ಬಿಳಿ ರಕ್ತಕಣಗಳಲ್ಲಿ. ಇದನ್ನೇ ಆಧಾರ ಮಾಡಿಕೊಂಡು ಇಟಲಿಯ ಮಿಲಾನ್‌ನಲ್ಲಿ ಸೆಂಪ್ರಿನಿ ಅವರ ತಂಡ ವೀರ್ಯ ತೊಳೆಯುವ ವಿಧಾನ ಬಳಸಿ 1992ರಲ್ಲಿ ವರದಿ ಮಾಡಿತು. ವೀರ್ಯವನ್ನು ಸಾಂದ್ರ ದ್ರಾವಣದ ಮೇಲಿಟ್ಟು ಯಂತ್ರದಲ್ಲಿ ತಿರುಗಿಸಿದರೆ ವೀರ್ಯಾಣು ತಳಕ್ಕೆ ಇಳಿಯುತ್ತದೆ, ಉಳಿದದ್ದು ಮೇಲೆ ನಿಲ್ಲುತ್ತದೆ.

ಈಗ ಹೆಚ್ಚಿನವರಿಗೆ ಅದೂ ಬೇಕಿಲ್ಲ. ಔಷಧ ತಪ್ಪದೆ ತಗೊಂಡು ರಕ್ತದಲ್ಲಿ ವೈರಸ್ ಮಟ್ಟ ಮಿಲಿಲೀಟರಿಗೆ 200 ಪ್ರತಿಗಿಂತ ಕೆಳಗೆ ಸ್ಥಿರವಾಗಿದ್ದರೆ ಸಂಭೋಗದಿಂದ ಎಚ್‌ಐವಿ ಹರಡುವುದಿಲ್ಲ. 2016ರ ಪಾರ್ಟ್ನರ್ ಅಧ್ಯಯನದಲ್ಲಿ 888 ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 58,000 ಬಾರಿ ಕೂಡಿದರೂ ಸಂಗಾತಿಯಿಂದ ಸಂಗಾತಿಗೆ ಒಂದು ಸೋಂಕೂ ದಾಟಲಿಲ್ಲ.

ಆದರೂ ಬೇರೆ ಲೈಂಗಿಕ ಸೋಂಕಿದ್ದರೆ ಮೊದಲು ಗುಣಪಡಿಸಿಕೊಳ್ಳಿ. ಔಷಧ ಇಲ್ಲದ ಕಾಲದಲ್ಲಿ, 1997ರಲ್ಲಿ, ಮಲಾವಿಯ ಒಂದು ಅಧ್ಯಯನ ಇದರ ತೂಕ ತೋರಿಸಿತು. ಮೂತ್ರನಾಳದ ಉರಿಯೂತ ಇದ್ದವರ ವೀರ್ಯದಲ್ಲಿ ಎಚ್‌ಐವಿ ಎಂಟು ಪಟ್ಟು ಜಾಸ್ತಿ ಇತ್ತು. ಗೊನೊರಿಯಾಗೆ ಚಿಕಿತ್ಸೆ ಕೊಟ್ಟ ಮೇಲೆ ಅದು ಇಳಿಯಿತು.

ಎಚ್‌ಪಿವಿ ಹೆಂಗಸರ ಕಾಯಿಲೆ ಅಲ್ವಾ? ನಮಗ್ಯಾಕೆ?

ಇಬ್ಬರದ್ದೂ. ಎಚ್‌ಪಿವಿ ಅಂದರೆ ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಹ್ಯೂಮನ್ ಪ್ಯಾಪಿಲೋಮಾ ವೈರಸ್. 2023ರಲ್ಲಿ ಪ್ರಕಟವಾದ ಜಾಗತಿಕ ವಿಶ್ಲೇಷಣೆಯ ಪ್ರಕಾರ 15 ವರ್ಷ ದಾಟಿದ ಗಂಡಸರಲ್ಲಿ ಸುಮಾರು ಮೂವರಲ್ಲಿ ಒಬ್ಬರ ಜನನಾಂಗದಲ್ಲಿ ಎಚ್‌ಪಿವಿ ಇದೆ, ಐವರಲ್ಲಿ ಒಬ್ಬರಲ್ಲಿ ಕ್ಯಾನ್ಸರ್ ತರಬಲ್ಲ ತಳಿ ಇದೆ. ಈ ವೈರಸ್ ವೀರ್ಯಾಣುವಿನ ತಲೆಗೆ ಅಂಟಿಕೊಳ್ಳುತ್ತದೆ ಎಂದು ಇಟಲಿಯ ಪಡೋವಾದ ಸಂಶೋಧಕರು ತೋರಿಸಿದ್ದಾರೆ. ಚಲನೆ ಕುಗ್ಗುತ್ತದೆ, ಗರ್ಭ ನಿಲ್ಲುವುದಕ್ಕೆ ಅಡ್ಡಿಯಾಗುತ್ತದೆ ಅನ್ನುವ ಅಧ್ಯಯನಗಳೂ ಇವೆ, ಒಪ್ಪದವೂ ಇವೆ. ಇದನ್ನು ಕೊಲ್ಲುವ ಔಷಧ ಇಲ್ಲ, ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ದೇಹವೇ ಹೊರಹಾಕುತ್ತದೆ. ಲಸಿಕೆ ಇದೆ. ಹುಡುಗರಿಗೂ ಕೊಡಿಸಿ.

ಜ್ವರ ಬಿಟ್ಟು ತಿಂಗಳುಗಳಾದ ಮೇಲೂ ಜೀಕಾ, ಎಬೋಲಾ ವೀರ್ಯದಲ್ಲಿ ಹೇಗೆ ಉಳಿಯುತ್ತೆ?

ವೀರ್ಯಾಣುವನ್ನು ಕಾಪಾಡಲು ದೇಹ ವೃಷಣದಲ್ಲಿ ರೋಗನಿರೋಧಕ ದಾಳಿಯನ್ನು ಹತೋಟಿಯಲ್ಲಿ ಇಟ್ಟಿರುತ್ತದೆ ಅಲ್ವಾ, ಅದೇ ಸಡಿಲಿಕೆ ಕೆಲವು ವೈರಸ್‌ಗಳಿಗೆ ಅಡಗುದಾಣ. ಎಷ್ಟೋ ಔಷಧಗಳೂ ಆ ಗೋಡೆ ದಾಟಿ ಸರಿಯಾಗಿ ಒಳಗೆ ಹೋಗುವುದಿಲ್ಲ. ಎಬೋಲಾದಿಂದ ಬದುಕುಳಿದ ಕೆಲವರ ವೀರ್ಯದಲ್ಲಿ ಅದರ ಆರ್‌ಎನ್‌ಎ, ಅಂದರೆ ವೈರಸ್‌ನ ವಂಶವಾಹಿ, ವರ್ಷ ಕಳೆದ ಮೇಲೂ ಸಿಕ್ಕಿದೆ. ಜೀಕಾ ಬಂದ ಗಂಡಸರು ಮೂರು ತಿಂಗಳು ಎಚ್ಚರ ವಹಿಸಬೇಕು. 2017ರಲ್ಲಿ ಇಬ್ಬರು ಸಂಶೋಧಕರು ಹಳೆಯ ವರದಿಗಳನ್ನೆಲ್ಲ ಕೆದಕಿದಾಗ ವೀರ್ಯದಲ್ಲಿ ಪತ್ತೆಯಾದ ವೈರಸ್‌ಗಳು 27. ಎಲ್ಲವೂ ಸಂಭೋಗದಿಂದ ಹರಡುತ್ತವೆ ಅಂತಲ್ಲ. ವಂಶವಾಹಿಯ ಚೂರು ಸಿಗುವುದು ಬೇರೆ, ಜೀವಂತ ವೈರಸ್ ಸಿಗುವುದು ಬೇರೆ.

## ಸಂಶೋಧನೆ ಎಲ್ಲಿಗೆ ಬಂದಿದೆ

ಈ ಸಂಶೋಧನೆ ಶುರುವಾಗಿದ್ದು ಯಾವಾಗ?

ವೀರ್ಯಾಣು ಮೊದಲ ಸಲ ಕಣ್ಣಿಗೆ ಬಿದ್ದದ್ದೇ ಸೋಂಕಿನ ನೆಪದಲ್ಲಿ! 1677ರಲ್ಲಿ ಯೋಹಾನ್ ಹಾಮ್ ಎಂಬ ವಿದ್ಯಾರ್ಥಿ ಗೊನೊರಿಯಾ ಇದ್ದ ಒಬ್ಬನ ವೀರ್ಯವನ್ನು ಮೈಕ್ರೋಸ್ಕೋಪು ತಯಾರಿಸುತ್ತಿದ್ದ ಹಾಲೆಂಡಿನ ಲೇವೆನ್‌ಹುಕ್ ಬಳಿ ತಂದ. ಬಾಲವಿರುವ ಪುಟ್ಟ ಜೀವಿಗಳನ್ನು ಅವನು ನೋಡಿದ್ದ, ರೋಗದಿಂದ ಹುಟ್ಟಿದವು ಅಂದುಕೊಂಡಿದ್ದ. ಆರೋಗ್ಯವಂತರ ವೀರ್ಯದಲ್ಲೂ ಅವು ಇವೆ ಎಂದು ಲೇವೆನ್‌ಹುಕ್ ಕಂಡುಕೊಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಗೊನೊರಿಯಾದ ಬ್ಯಾಕ್ಟೀರಿಯಾವನ್ನು ನೀಸರ್ ಗುರುತಿಸಿದ್ದು 1879ರಲ್ಲಿ, ಕ್ಲಮೈಡಿಯಾ ಕಂಡದ್ದು 1907ರಲ್ಲಿ.

ಒಬ್ಬರು ಹಾನಿ ಇದೆ ಅಂತಾರೆ, ಒಬ್ಬರು ಇಲ್ಲ ಅಂತಾರೆ. ಸಂಶೋಧಕರಲ್ಲೇ ಒಮ್ಮತ ಯಾಕಿಲ್ಲ?

ಅವರು ಅಳೆಯುತ್ತಿರುವುದೇ ಬೇರೆ ಬೇರೆ. ಕೆಲವರು ರಕ್ತದ ಆಂಟಿಬಾಡಿ ನೋಡುತ್ತಾರೆ. ಅದು ಹಳೆಯ ಸೋಂಕನ್ನೂ ತೋರಿಸುತ್ತದೆ. ಕೆಲವರು ಮೂತ್ರದ ಪಿಸಿಆರ್ ನೋಡುತ್ತಾರೆ. ಅದು ಈಗಿನದ್ದು ಮಾತ್ರ. ಎಪಿಡಿಡಿಮಿಸ್‌ನಲ್ಲಿ ಏನಿದೆ ಅನ್ನುವುದನ್ನು ಎರಡೂ ಹೇಳುವುದಿಲ್ಲ. ಹೋಲಿಕೆಗೆ ಯಾರನ್ನು ಇಟ್ಟುಕೊಂಡರು ಅನ್ನುವುದೂ ಮುಖ್ಯ. ಬಂಜೆತನದ ಕ್ಲಿನಿಕ್‌ಗೆ ಬಂದವರನ್ನು ಅಲ್ಲಿಗೇ ಬಂದ ಇನ್ನೊಬ್ಬರ ಜೊತೆ ಹೋಲಿಸಿದರೆ ವ್ಯತ್ಯಾಸ ಮಸುಕಾಗುತ್ತದೆ. ಲ್ಯಾಬ್ ಪ್ರಯೋಗದಲ್ಲಿ ತೊಳೆದ ವೀರ್ಯಾಣುವಿನ ಮೇಲೆ ದಂಡಿಯಾಗಿ ಬ್ಯಾಕ್ಟೀರಿಯಾ ಸುರಿಯುತ್ತಾರೆ, ದೇಹದಲ್ಲಿ ಹಾಗಿರುವುದಿಲ್ಲ. ಯಾವುದೇ ಸುದ್ದಿ ಓದುವಾಗ ಇಷ್ಟು ಕೇಳಿಕೊಳ್ಳಿ: ಗಾಜಿನಲ್ಲಿ ನೋಡಿದ್ದಾ, ಇಲಿಯಲ್ಲಾ, ಮನುಷ್ಯರಲ್ಲಾ? ಅಳೆದದ್ದು ಕೌಂಟ್ ಅನ್ನಾ, ಹುಟ್ಟಿದ ಮಕ್ಕಳನ್ನಾ?

ವೃಷಣದ ಒಳಗೇ ಕ್ಲಮೈಡಿಯಾ ಸಿಕ್ಕಿದೆ ಅಂತ ಓದಿದೆ. ನಿಜವಾ?

ನಿಜ. 2019ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ, ಸ್ಪಷ್ಟ ಕಾರಣವಿಲ್ಲದೆ ಮಕ್ಕಳಾಗದ ಗಂಡಸರ ವೃಷಣದ ಬಯಾಪ್ಸಿ ತುಣುಕುಗಳಲ್ಲಿ ಕ್ಲಮೈಡಿಯಾ ಹುಡುಕಿತು. ಕಾಪಿಟ್ಟ 95 ತುಣುಕುಗಳಲ್ಲಿ 43ರಲ್ಲಿ, ತಾಜಾ 18ರಲ್ಲಿ ಮೂರರಲ್ಲಿ ಸುಳಿವು ಸಿಕ್ಕಿತು. ಮೂತ್ರನಾಳದಲ್ಲೇ ನಿಲ್ಲುತ್ತದೆ ಅಂದುಕೊಂಡಿದ್ದ ಸೋಂಕು ಇಷ್ಟು ಆಳಕ್ಕೆ ಹೋಗಬಲ್ಲದು ಅನ್ನುವುದು ದೊಡ್ಡ ವಿಷಯ. ಇಲಿಗಳಲ್ಲಿ ಇದೇ ತಂಡ ವೀರ್ಯಾಣು ಸಾಕುವ ಕೋಶಗಳಿಗೆ ಹಾನಿಯಾಗುವುದನ್ನೂ ಕಂಡಿದೆ. ಆದರೆ ಅಲ್ಲಿ ಸಿಕ್ಕ ಮಾತ್ರಕ್ಕೆ ಬಂಜೆತನಕ್ಕೆ ಅದೇ ಕಾರಣ ಎಂದು ಸಾಬೀತಾಗುವುದಿಲ್ಲ. ಕಾಪಿಟ್ಟ ಮತ್ತು ತಾಜಾ ತುಣುಕುಗಳ ಪ್ರಮಾಣದಲ್ಲೇ ಎಷ್ಟು ಅಂತರವಿದೆ ನೋಡಿ.

ವೀರ್ಯಕ್ಕೆ ತನ್ನದೇ ರಕ್ಷಣೆ ಇಲ್ವಾ?

ಇದೆ, ಚೆನ್ನಾಗಿಯೇ ಇದೆ. ಸತು, ಲೈಸೋಜೈಮ್, ಲ್ಯಾಕ್ಟೊಫೆರಿನ್, ಜೊತೆಗೆ ಡಿಫೆನ್ಸಿನ್ ಎಂಬ ಸಣ್ಣ ಪ್ರೋಟೀನುಗಳು. ಡಿಫೆನ್ಸಿನ್‌ಗಳಲ್ಲಿ ಒಂದು ವೀರ್ಯಾಣುವಿನ ಮೈಮೇಲೇ ಇದ್ದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಓಡಲೂ ನೆರವಾಗುತ್ತದೆ. 2014ರ ಒಂದು ಅಧ್ಯಯನದಲ್ಲಿ, ವೀರ್ಯದಲ್ಲಿ ಬಿಳಿ ರಕ್ತಕಣ ಜಾಸ್ತಿ ಇದ್ದವರ ಮತ್ತು ವೀರ್ಯಾಣುವಿನ ಚಲನೆ ಕಡಿಮೆ ಇದ್ದವರ ವೀರ್ಯಾಣುಗಳಲ್ಲಿ ಈ ಪ್ರೋಟೀನ್ ಕೊರತೆ ಕಂಡಿತು. ಲ್ಯಾಬ್‌ನಲ್ಲಿ ಅದನ್ನು ಸೇರಿಸಿದಾಗ ಚಲನೆಯೂ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿಯೂ ಮರಳಿತು. ಔಷಧವಾಗಿ ಇನ್ನೂ ಬಂದಿಲ್ಲ, ಆದರೆ ನನಗೆ ಬಹಳ ಭರವಸೆ ಇರುವ ದಾರಿ ಇದು. ವೀರ್ಯ ಯಾವಾಗಲೂ ನಮ್ಮ ಪರವಾಗಿಯೇ ಇರುತ್ತದೆ ಅಂತಲ್ಲ. ಅದರಲ್ಲಿರುವ ಒಂದು ಪ್ರೋಟೀನ್ ತುಣುಕು ನಾರಿನಂತೆ ಹೆಣೆದುಕೊಂಡು ಎಚ್‌ಐವಿ ಜೀವಕೋಶಕ್ಕೆ ಅಂಟಲು ಸಹಾಯ ಮಾಡುತ್ತದೆ ಎಂದು 2007ರಲ್ಲಿ ಜರ್ಮನಿಯ ಉಲ್ಮ್‌ನ ಸಂಶೋಧಕರು ಲ್ಯಾಬ್‌ನಲ್ಲಿ ತೋರಿಸಿದರು.

ಕ್ಲಮೈಡಿಯಾ, ಗೊನೊರಿಯಾಗೆ ಲಸಿಕೆ ಬರುತ್ತಾ?

ಗೊನೊರಿಯಾ ವಿಷಯದಲ್ಲಿ ಬಾಗಿಲು ಅನಿರೀಕ್ಷಿತವಾಗಿ ತೆರೆಯಿತು. ನ್ಯೂಜಿಲೆಂಡಿನಲ್ಲಿ ಮೆನಿಂಜೈಟಿಸ್ ಬಿ (ಮಿದುಳಿನ ಪೊರೆಯ ಉರಿಯೂತದ ಒಂದು ಬಗೆ) ತಡೆಯಲು ಕೊಟ್ಟ ಲಸಿಕೆ ಹಾಕಿಸಿಕೊಂಡವರಲ್ಲಿ ಗೊನೊರಿಯಾ 31% ಕಡಿಮೆ ಇತ್ತು ಎಂದು 2017ರಲ್ಲಿ ಪ್ರಕಟವಾಯಿತು. ಎರಡೂ ಬ್ಯಾಕ್ಟೀರಿಯಾ ಹತ್ತಿರದ ಬಂಧುಗಳು. 2025ರ ಆಗಸ್ಟ್‌ನಲ್ಲಿ ಇಂಗ್ಲೆಂಡ್ ಆ ವರ್ಗದ ಲಸಿಕೆಯನ್ನು ಅಪಾಯ ಹೆಚ್ಚಿರುವವರಿಗೆ ಗೊನೊರಿಯಾ ತಡೆಗೆಂದೇ ಕೊಡಲು ಶುರುಮಾಡಿತು.

ಕ್ಲಮೈಡಿಯಾಗೆ ಸಿಟಿಎಚ್522 ಎಂಬ ಲಸಿಕೆಯ ಮೊದಲ ಹಂತದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಸುರಕ್ಷಿತ ಅನ್ನಿಸಿತು, ಆಂಟಿಬಾಡಿಯೂ ಹುಟ್ಟಿತು. ಅದರಲ್ಲಿ ಭಾಗವಹಿಸಿದ 35 ಜನರೂ ಹೆಂಗಸರು. ಗರ್ಭನಾಳದ ಹಾನಿ ತಡೆಯುವುದು ಮೊದಲ ಗುರಿ, ಅದು ಸರಿಯೇ. ಮುಂದಿನ ಹಂತಗಳಲ್ಲಿ ಗಂಡಸರನ್ನೂ ಸೇರಿಸಬೇಕು, ಅವರ ಮೂತ್ರದ ಜೊತೆ ವೀರ್ಯಾಣುವಿನ ಡಿಎನ್‌ಎಯನ್ನೂ ನೋಡಬೇಕು ಅನ್ನುವುದು ನನ್ನ ಒತ್ತಾಯ.